ಸ್ಟೆಪ್ನಿ ಗುಂಡಿಯಲ್ಲಿ ನೀರು: ಕಾರಿನ ಡಿಕ್ಕಿ ಸೋರುವುದನ್ನು ಹುಡುಕಿ ಸರಿಪಡಿಸುವ ಬಗೆ

ಆರಿದ್ರಾ ಮಳೆ ಹಿಡಿದು ವಾರ ಕಳೆಯುವಷ್ಟರಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನ್ನ ಬಳಿ ಬರತೊಡಗುತ್ತದೆ. ಡಿಕ್ಕಿ ತೆರೆದರೆ ಮುಗ್ಗಲು ವಾಸನೆ ಎನ್ನುತ್ತಾರೆ ಒಬ್ಬರು. ಬ್ರೇಕ್ ಒತ್ತಿದಾಗ ಹಿಂದುಗಡೆ ಗುಳುಗುಳು ಸದ್ದು ಎನ್ನುತ್ತಾರೆ ಇನ್ನೊಬ್ಬರು. ಪಂಕ್ಚರ್ ಆದ ದಿನ ಸ್ಟೆಪ್ನಿ ತೆಗೆಯಲು ಹೋದರೆ ಅದು ಅರ್ಧ ಮುಳುಗಿತ್ತು, ಜಾಕು ತುಕ್ಕು ಹಿಡಿದು ತಿರುಗಲೇ ಇಲ್ಲ ಎಂದವರೂ ಇದ್ದಾರೆ. ಇವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಒಂದು ಟ್ಯೂಬು ಸಿಲಿಕೋನ್ ತಂದು ಕಂಡಕಂಡಲ್ಲಿ ಬಳಿದಿರುತ್ತಾರೆ. ನೀರು ಮಾತ್ರ ನಿಂತಿರುವುದಿಲ್ಲ.

ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಹಂಚು ಒಡೆದಿರುವುದು ಒಂದು ಕಡೆ, ನೀರು ತೊಟ್ಟಿಕ್ಕುವುದು ಇನ್ನೊಂದು ಕಡೆ. ಒಡಕಿನಲ್ಲಿ ಇಳಿದ ನೀರು ರೀಪಿನ ಮೇಲೆ ಹರಿದು, ಪಕಾಸಿಯ ಗುಂಟ ಜಾರಿ, ನಾಲ್ಕಡಿ ಆಚೆ ಹಾಸಿಗೆಯ ಮೇಲೆ ಬೀಳುತ್ತದೆ. ಕಾರಿನಲ್ಲೂ ಹಾಗೆಯೇ. ಚಾವಣಿಯ ಅಂಚಿನಲ್ಲಿ ನುಗ್ಗಿದ ನೀರು ಹಿಂಬದಿಯ ಕಂಬದೊಳಗೆ ಇಳಿದು, ಚಕ್ರದ ಮೇಲಿನ ತಗಡಿನ ಗುಂಟ ಹರಿದು, ಕೊನೆಗೆ ಇಡೀ ಡಿಕ್ಕಿಯ ಅತ್ಯಂತ ತಗ್ಗಾದ ಸ್ಟೆಪ್ನಿ ಗುಂಡಿಯಲ್ಲಿ ನಿಲ್ಲುತ್ತದೆ. ಹಾಗಾಗಿ ಈ ಕೆಲಸದ ಮುಕ್ಕಾಲು ಪಾಲು ಹುಡುಕಾಟ, ಕಾಲು ಪಾಲು ಮಾತ್ರ ರಿಪೇರಿ. ಹುಡುಕುವ ಮೊದಲೇ ಮುಚ್ಚಲು ಹೊರಟರೆ ಹುಡುಕುವುದು ಇನ್ನಷ್ಟು ಕಷ್ಟವಾಗುತ್ತದೆ.

ಕಾರಿನ ಹಿಂಬದಿಯ ಸಾಮಾನಿನ ಗೂಡಿಗೂ ನಾವು ಡಿಕ್ಕಿ ಎನ್ನುತ್ತೇವೆ, ವಾಹನಗಳು ಗುದ್ದಿಕೊಳ್ಳುವುದಕ್ಕೂ ಡಿಕ್ಕಿ ಎನ್ನುತ್ತೇವೆ. ಈ ಲೇಖನದಲ್ಲಿ ಎರಡೂ ಬರುತ್ತವೆ. ಏಕೆಂದರೆ ಎರಡನೆಯದು ಆದ ಮೇಲೆ ಮೊದಲನೆಯದು ಸೋರುವುದು ಬಹಳ ಸಾಮಾನ್ಯ.

ಕೆಲಸಕ್ಕೆ ಇಳಿಯುವ ಮೊದಲು

ವಾರಂಟಿ ಇನ್ನೂ ಇರುವ ಕಾರಾದರೆ ಏನನ್ನೂ ಬಿಚ್ಚಬೇಡಿ, ಏನನ್ನೂ ಬಳಿಯಬೇಡಿ. ನಿಂತ ನೀರಿನ ವಿಡಿಯೊ ತೆಗೆದುಕೊಂಡು ಸರ್ವಿಸ್ ಸೆಂಟರಿಗೆ ಹೋಗಿ. ನೀವು ಬಳಿದ ಸಿಲಿಕೋನ್ ಕಂಡರೆ ಅವರಿಗೆ ಜಾರಿಕೊಳ್ಳಲು ಅದೊಂದು ನೆಪ ಸಿಕ್ಕಂತೆ.

ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಅದರ ಬೋಲ್ಟು, ಪಟ್ಟಿ, ಕೊಳವೆ ಯಾವುದನ್ನೂ ಮುಟ್ಟಬೇಡಿ. ಸಿಲಿಂಡರ್ ಸರಿಸದೆ ಕೆಲಸ ಆಗದು ಎಂದಾದರೆ ಅದನ್ನು ಅಳವಡಿಸಿದವರೇ ಬರಬೇಕು. ಹೈಬ್ರಿಡ್ ಅಥವಾ ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಅಲ್ಲಿಗೆ ನಿಲ್ಲಿಸಿ, ಅದು ಹೆಚ್ಚಿನ ವೋಲ್ಟೇಜಿನ ತಂತಿ. ಕೆಲವು ಕಾರುಗಳಲ್ಲಿ ಮಾಮೂಲಿ ಬ್ಯಾಟರಿಯೇ ಡಿಕ್ಕಿಯಲ್ಲಿರುತ್ತದೆ. ನೀರು ವೈರಿನ ಕನೆಕ್ಟರುಗಳವರೆಗೆ ಏರಿದ್ದರೆ ಮೊದಲು ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಡಿಸಿ.

ಮುಖ್ಯವಾದ ಇನ್ನೊಂದು ಮಾತು: ಒಳಗಿನಿಂದ ನೋಡುತ್ತೇನೆಂದು ಯಾರೂ ಡಿಕ್ಕಿಯೊಳಗೆ ಮಲಗಿ ಬಾಗಿಲು ಹಾಕಿಸಿಕೊಳ್ಳಬಾರದು. ಮಕ್ಕಳನ್ನಂತೂ ಇಳಿಸಲೇಬಾರದು. ಅದಕ್ಕೆ ಬೇರೆ ಉಪಾಯವಿದೆ, ಮುಂದೆ ಹೇಳುತ್ತೇನೆ.

ಬೇಕಾದ ಸಾಮಾನು

ಒಳ್ಳೆಯ ಟಾರ್ಚು, ತೋಟಕ್ಕೆ ನೀರು ಬಿಡುವ ಪೈಪು, ಹಳೆಯ ದಿನಪತ್ರಿಕೆಗಳು, ಹತ್ತಿ ಬಟ್ಟೆ, ಮುಖಕ್ಕೆ ಹಚ್ಚುವ ಪೌಡರ್ ಒಂದು ಡಬ್ಬಿ, ಬಿಳಿ ಸೀಮೆಸುಣ್ಣ, 8 ಮತ್ತು 10 ಮಿಲಿಮೀಟರ್ ಸ್ಪ್ಯಾನರ್ ಅಥವಾ ಬಾಕ್ಸ್ ಸೆಟ್, ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ಪಟ್ಟಿಗಳನ್ನು ಎಬ್ಬಿಸಲು ಅವಧಿ ಮುಗಿದ ಎಟಿಎಂ ಕಾರ್ಡು. ಹುಡುಕಲು ಇಷ್ಟು ಸಾಕು.

ಮುಚ್ಚಲು ಏನು ಬೇಕು ಎನ್ನುವುದು ಎಲ್ಲಿ ಸೋರುತ್ತಿದೆ ಎಂಬುದರ ಮೇಲೆ ನಿಂತಿದೆ. ಸಾಮಾನ್ಯವಾಗಿ ಎರಡು ವಸ್ತು ಬೇಕಾಗುತ್ತವೆ. ಒಂದು, ಬ್ಯೂಟೈಲ್ ಟೇಪು: ಹುಣಸೆಹಣ್ಣಿನ ಹಾಗೆ ಮೆತ್ತಗೆ ಅಂಟುವ ಕಪ್ಪು ರಬ್ಬರಿನ ಸುರುಳಿ, ವರ್ಷಗಳು ಕಳೆದರೂ ಗಟ್ಟಿಯಾಗದು, ಬೇಕೆಂದಾಗ ಕಿತ್ತು ತೆಗೆಯಬಹುದು. ಎರಡು, ಪಾಲಿಯುರಿಥೇನ್ ಸೀಮ್ ಸೀಲರ್: ತಗಡಿಗೆ ತಗಡು ಬೆಸೆದ ಗೆರೆಯ ಮೇಲೆ ಟಿಂಕರಿಂಗ್ ಅಂಗಡಿಯವರು ಎಳೆಯುವ ಬೂದು ಅಥವಾ ಕಪ್ಪು ಪೇಸ್ಟು, ಒಣಗಿದ ಮೇಲೂ ರಬ್ಬರಿನಂತೆ ಬಾಗುತ್ತದೆ, ಮೇಲೆ ಬಣ್ಣವೂ ಹಿಡಿಯುತ್ತದೆ.

ಬಚ್ಚಲುಮನೆಯ ಟೈಲ್ಸಿಗೆ ಹಾಕುವ ಸಿಲಿಕೋನ್ ಬೇಡ. ಅದರ ಮುಚ್ಚಳ ತೆಗೆದರೆ ಮೂಗಿಗೆ ವಿನೆಗರ್ ವಾಸನೆ ಬಡಿಯುತ್ತದೆಯಲ್ಲ, ಅದು ಅಸಿಟಿಕ್ ಆಮ್ಲ. ಬಣ್ಣ ಹೋದ ಬರಿ ತಗಡಿಗೆ ತಾಗಿದರೆ ಮುಚ್ಚಿದ ಜಾಗದ ಅಡಿಯಲ್ಲೇ ತುಕ್ಕು ಹತ್ತಿಸುತ್ತದೆ. ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ. ಮುಂದೆ ಸರಿಯಾದ ರಿಪೇರಿ ಮಾಡಬೇಕೆಂದರೆ ಅದನ್ನು ಕೆರೆದು ತೆಗೆಯುವುದೇ ಒಂದು ದಿನದ ಕೆಲಸ.

ಹಂತ 1: ಎಲ್ಲವನ್ನೂ ಹೊರಗೆ ಹಾಕಿ

ಸಾಮಾನು, ಮ್ಯಾಟು, ಅದರ ಕೆಳಗಿನ ಗಟ್ಟಿ ಹಲಗೆ, ಸ್ಟೆಪ್ನಿ, ಜಾಕು, ಎರಡೂ ಪಕ್ಕದ ಕಾರ್ಪೆಟ್ ಹೊದಿಕೆ, ಎಲ್ಲವನ್ನೂ ತೆಗೆಯಿರಿ. ಪಕ್ಕದ ಹೊದಿಕೆಗಳನ್ನು ಪ್ಲಾಸ್ಟಿಕ್ ಕ್ಲಿಪ್ಪುಗಳು ಹಿಡಿದಿರುತ್ತವೆ. ಕ್ಲಿಪ್ಪಿನ ನಡುವಿನ ಗುಂಡಿಯನ್ನು ಮೊದಲು ಮೇಲಕ್ಕೆ ಎಬ್ಬಿಸಿ ಆಮೇಲೆ ಎಳೆಯಿರಿ. ನೇರವಾಗಿ ಎಳೆದರೆ ಮುರಿಯುತ್ತವೆ. ತೆಗೆಯುವ ಮೊದಲು ಪ್ರತಿಯೊಂದರದ್ದೂ ಫೋಟೊ ಹಿಡಿಯಿರಿ. ಸಂಜೆ ಜೋಡಿಸುವಾಗ ಎರಡು ಕ್ಲಿಪ್ಪು ಹೆಚ್ಚಾಗಿ ಉಳಿಯುವುದು ಹೇಗೋ ನನಗೆ ಇಂದಿಗೂ ತಿಳಿದಿಲ್ಲ.

ನೀರನ್ನು ಮೊಗೆದು ತೆಗೆಯುವ ಮುನ್ನ ಅದನ್ನು ಸರಿಯಾಗಿ ನೋಡಿ, ಮುಂದಿನ ಹಂತಕ್ಕೆ ಬೇಕು. ಆಮೇಲೆ ಬಟ್ಟೆಯಿಂದ ಒರೆಸಿ ಗುಂಡಿಯನ್ನು ಪೂರ್ತಿ ಒಣಗಿಸಿ. ಒದ್ದೆ ಜಾಗದಲ್ಲಿ ಹೊಸ ನೀರಿನ ಜಾಡು ಕಾಣುವುದಿಲ್ಲ.

ಹಂತ 2: ನೀರನ್ನೇ ವಿಚಾರಿಸಿ

ಮೊದಲು ಪೆದ್ದು ಕಾರಣಗಳನ್ನು ತಳ್ಳಿಹಾಕಿ. ಇಪ್ಪತ್ತು ಲೀಟರಿನ ನೀರಿನ ಕ್ಯಾನು ಸಾಗಿಸಿದ್ದಿರಾ? ಮಂಗಳೂರಿನ ದಕ್ಕೆಯಿಂದ ಮಂಜುಗಡ್ಡೆ ಹಾಕಿದ ಮೀನಿನ ಪೆಟ್ಟಿಗೆ ತಂದಿದ್ದಿರಾ? ಹಾಗಿದ್ದರೆ ವಾಸನೆಯೇ ಹೇಳುತ್ತದೆ.

ಇನ್ನು ನೀರಿನ ಬಣ್ಣ. ತಿಳಿಯಾಗಿದ್ದರೆ ಅದು ಮೇಲಿನಿಂದ ಬಂದಿದೆ: ಬೀಡಿಂಗ್ (ಡಿಕ್ಕಿಯ ಬಾಯಿಯ ಸುತ್ತಲಿನ ರಬ್ಬರ್ ಅಂಚು), ಹಿಂದಿನ ದೀಪ, ಚಾವಣಿಯ ಬೆಸುಗೆ, ಗಾಜು. ಕೆಮ್ಮಣ್ಣು ಅಥವಾ ಮರಳು ತಳದಲ್ಲಿ ಕೂತಿದ್ದರೆ ಚಕ್ರ ಎರಚಿದ ನೀರು ಕೆಳಗಿನಿಂದ ಹೊಕ್ಕಿದೆ: ತಳದ ಬಿರಡೆ, ಬಂಪರಿನ ಹಿಂದಿನ ಗಾಳಿಕಿಂಡಿ, ಚಕ್ರದ ಗೂಡಿನ ಬೆಸುಗೆ. ಸೋಪಿನ ನೊರೆ ಕಂಡರೆ, ಅಥವಾ ಬಿರುಬೇಸಗೆಯಲ್ಲೂ ಒದ್ದೆಯಾಗುತ್ತಿದ್ದರೆ, ಹಿಂದಿನ ಗಾಜಿಗೆ ನೀರು ಚಿಮ್ಮಿಸುವ ವಾಷರ್ ಪೈಪನ್ನು ಸಂಶಯಿಸಿ.

ಯಾವಾಗ ತುಂಬುತ್ತದೆ ಎಂಬುದೂ ಮುಖ್ಯ. ನಿಲ್ಲಿಸಿದ ಕಾರಿನಲ್ಲೇ ತುಂಬಿದರೆ ಮೇಲಿನ ದಾರಿ. ಮಳೆಯಲ್ಲಿ ಓಡಿಸಿದ ದಿನ ಮಾತ್ರ ತುಂಬಿದರೆ ಕೆಳಗಿನ ದಾರಿ. ಇಳಿಜಾರಿನ ಅಂಗಳದಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದಾಗ ಮಾತ್ರ ಸೋರಿ, ಕಚೇರಿಯ ಸಮತಟ್ಟಾದ ಜಾಗದಲ್ಲಿ ಸೋರದಿದ್ದರೆ ಚಾವಣಿಯ ನೀರು ಹಿಂದಕ್ಕೆ ಹರಿದು ಎಲ್ಲೋ ನಿಲ್ಲುತ್ತಿದೆ. ಎಡಗಡೆ ಒದ್ದೆಯೋ ಬಲಗಡೆಯೋ ಎಂಬುದನ್ನು ಮಾತ್ರ ಪೂರ್ತಿ ನಂಬಬೇಡಿ, ತಿರುವಿನಲ್ಲಿ ನೀರು ಆಚೀಚೆ ಹೊಯ್ದಾಡಿರುತ್ತದೆ.

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ಸಣ್ಣ ಬಿರುಕೂ ಒಂದು ರಾತ್ರಿಯಲ್ಲಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಸಾವಿರ ಮಿಲಿಮೀಟರಿನ ಆಸುಪಾಸಿನ ಬೆಂಗಳೂರಿನಲ್ಲಿ ಅದೇ ಬಿರುಕು ವರ್ಷಗಟ್ಟಲೆ ಅಡಗಿದ್ದು, ತುಕ್ಕು ತಗಡನ್ನು ತಿಂದ ಮೇಲೆ ಗೊತ್ತಾಗುತ್ತದೆ. ಬಯಲುಸೀಮೆಯಿಂದ ಹಳೆಯ ಕಾರು ಕೊಂಡು ಘಟ್ಟಕ್ಕೆ ತಂದವರು ಮೊದಲ ಮಳೆಗಾಲದಲ್ಲಿ ಬೆಚ್ಚುವುದು ಇದಕ್ಕೇ.

ಹಂತ 3: ನೀರು ಬಿಡುವ ಮೊದಲು ಕಣ್ಣು ಬಿಡಿ

ಡಿಕ್ಕಿಯ ಬಾಗಿಲು ತೆರೆದರೆ ಅಂಚಿನುದ್ದಕ್ಕೂ ಒಂದು ಕಾಲುವೆ ಕಾಣುತ್ತದೆ. ಮೇಲಿನ ನೀರು ಅದರಲ್ಲಿ ಹರಿದು ಕೆಳಗೆ ಹೋಗಬೇಕು. ಹಲಸಿನ ಎಲೆ, ಮಾವಿನ ಹೂವು, ಧೂಳು ಸೇರಿ ಅಲ್ಲಿ ಕಟ್ಟೆ ಕಟ್ಟಿದ್ದರೆ ನೀರು ಉಕ್ಕಿ ಬೀಡಿಂಗ್ ದಾಟುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೊದಲು ಇದನ್ನು ಚೊಕ್ಕಟ ಮಾಡಿ. ಕೆಲವರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಬೀಡಿಂಗ್ ಎಂದರೆ ಡಿಕ್ಕಿಯ ಬಾಯಿಯ ಸುತ್ತ ಇರುವ ಟೊಳ್ಳು ರಬ್ಬರಿನ ಅಂಚು. ಅದನ್ನು ಬೆರಳಿನಿಂದ ಒತ್ತುತ್ತಾ ಸುತ್ತ ಬನ್ನಿ. ಆರೋಗ್ಯವಂತ ರಬ್ಬರ್ ಒತ್ತಿ ಬಿಟ್ಟರೆ ತಿರುಗಿ ಉಬ್ಬುತ್ತದೆ. ಚಪ್ಪಟೆಯಾಗಿಯೇ ಉಳಿದರೆ, ಬಿರುಕು ಬಿಟ್ಟಿದ್ದರೆ, ಭಾರದ ಚೀಲ ಎಳೆದು ಎಳೆದು ಹರಿದಿದ್ದರೆ ಗುರುತು ಹಾಕಿ. ಎರಡು ತುದಿ ಕೂಡುವ ಜಾಗವನ್ನು ವಿಶೇಷವಾಗಿ ನೋಡಿ.

ಈಗ ಸೀಮೆಸುಣ್ಣದ ಪರೀಕ್ಷೆ. ಬೀಡಿಂಗ್ ತಾಗುವ ಬಾಗಿಲಿನ ಒಳ ಅಂಚಿಗೆ ಸುತ್ತಲೂ ದಟ್ಟವಾಗಿ ಸೀಮೆಸುಣ್ಣ ಉಜ್ಜಿ, ಬಾಗಿಲನ್ನು ಒಮ್ಮೆ ಸರಿಯಾಗಿ ಹಾಕಿ ತೆಗೆಯಿರಿ. ಕಪ್ಪು ರಬ್ಬರಿನ ಮೇಲೆ ಬಿಳಿ ಗೆರೆ ಎಲ್ಲೂ ಕಡಿಯದೆ ಮೂಡಬೇಕು. ಕಡಿದಲ್ಲಿ ಬಾಗಿಲು ರಬ್ಬರಿಗೆ ತಾಗುತ್ತಿಲ್ಲ. ಸಂಶಯವಿದ್ದ ಜಾಗದಲ್ಲಿ ಪತ್ರಿಕೆಯ ಪಟ್ಟಿಯೊಂದನ್ನು ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದು ಇದೆ.

ಹಿಂದಿನಿಂದ ಗುದ್ದಿಸಿಕೊಂಡ ಕಾರೇ ಎಂಬುದನ್ನೂ ಈಗಲೇ ನೋಡಿಬಿಡಿ. ಸ್ಟೆಪ್ನಿ ಗುಂಡಿಯ ತಗಡು ಸುಕ್ಕುಗಟ್ಟಿದ್ದರೆ, ಒಂದು ಬದಿಯ ಬೆಸುಗೆಯ ಗೆರೆ ನುಣುಪಾಗಿದ್ದು ಇನ್ನೊಂದು ಬದಿಯದು ಬೆರಳಿನಿಂದ ಮೆತ್ತಿದ ಹಾಗಿದ್ದರೆ, ಬಣ್ಣದಲ್ಲಿ ವ್ಯತ್ಯಾಸವಿದ್ದರೆ, ಟಿಂಕರಿಂಗ್ ಆಗಿದೆ. ಮಾರಿದವರು ‘ಒಂದು ಗೀರೂ ಇಲ್ಲ’ ಎಂದಿದ್ದರೂ ಸರಿ. ಅಂಥ ಕಾರಿನಲ್ಲಿ ಮೊದಲ ಸಂಶಯ ಆ ಬದಿಯ ದೀಪದ ಮೇಲೆ, ಎರಡನೆಯದು ಬೆಸುಗೆಯ ಮೇಲೆ.

ಹಂತ 4: ಪೈಪಿನ ಪರೀಕ್ಷೆ, ಕೆಳಗಿನಿಂದ ಮೇಲಕ್ಕೆ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ: ನೀರನ್ನು ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಏರಿಸಬೇಕು. ಚಾವಣಿಯ ಮೇಲೆ ಮೊದಲೇ ಸುರಿದರೆ ನೀರು ದೀಪ, ಬೀಡಿಂಗ್, ಗಾಜು ಎಲ್ಲವನ್ನೂ ತೋಯಿಸಿಕೊಂಡು ಇಳಿಯುತ್ತದೆ. ಆಗ ಎಲ್ಲಿ ನುಗ್ಗಿತೆಂದು ಬ್ರಹ್ಮನೂ ಹೇಳಲಾರ.

ಒಳಗಿನ ಒಣಗಿದ ತಗಡಿನ ಮೇಲೆ, ದೀಪಗಳ ಕೆಳಗೆ, ಮೂಲೆಗಳಲ್ಲಿ, ಚಕ್ರದ ಗೂಡಿನ ಮೇಲೆ ತೆಳುವಾಗಿ ಪೌಡರ್ ಉದುರಿಸಿ. ನೀರು ಹರಿದರೆ ಪೌಡರಿನಲ್ಲಿ ಕಣ್ಣೀರಿನ ಗೆರೆಯಂತೆ ಸಣ್ಣ ದಾರಿ ಬೀಳುತ್ತದೆ. ಅದನ್ನು ಹಿಡಿದು ಮೇಲಕ್ಕೆ ಹೋದರೆ ಮೂಲ ಸಿಗುತ್ತದೆ.

ಒಳಗಿನಿಂದ ನೋಡಲು ಹಿಂಬದಿ ಸೀಟನ್ನು ಮಡಚಿ, ಕ್ಯಾಬಿನ್ನಿನಲ್ಲಿ ಕುಳಿತು ಟಾರ್ಚು ಹಿಡಿಯಿರಿ. ಸೀಟು ಮಡಚದ ಸೆಡಾನ್ ಕಾರಾದರೆ, ಅಥವಾ ನೀವೊಬ್ಬರೇ ಇದ್ದರೆ, ಮೊಬೈಲಿನ ದೀಪ ಹೊತ್ತಿಸಿ ವಿಡಿಯೊ ಚಾಲೂ ಮಾಡಿ ಡಿಕ್ಕಿಯೊಳಗೆ ಸಂಶಯದ ಮೂಲೆಗೆ ಮುಖ ಮಾಡಿ ಇಟ್ಟು ಬಾಗಿಲು ಹಾಕಿ. ಹೊರಗಿನಿಂದ ‘ಈಗ ಎಡ ದೀಪ’, ‘ಈಗ ಬಲ ದೀಪ’ ಎಂದು ಗಟ್ಟಿಯಾಗಿ ಹೇಳುತ್ತಾ ನೀರು ಬಿಡಿ. ಆಮೇಲೆ ನೋಡುವಾಗ ನಿಮ್ಮ ದನಿಯೇ ಸಾಕ್ಷಿ. ಕಾರಿನ ಕೀ ಜೇಬಿನಲ್ಲಿರಲಿ, ಡಿಕ್ಕಿಯಲ್ಲಿ ಅಲ್ಲ.

ಪೈಪಿನ ತುದಿಗೆ ಬೆರಳು ಒತ್ತಿ ಚಿಮ್ಮಿಸಬೇಡಿ, ಸುಮ್ಮನೆ ಹರಿಯಬಿಡಿ. ಸರ್ವಿಸ್ ಸ್ಟೇಷನ್ನಿನ ಒತ್ತಡದ ಪಂಪು ಖಂಡಿತ ಬೇಡ. ಅದು ಯಾವ ಮಳೆಯಲ್ಲೂ ಸೋರದ ಜಾಗದಲ್ಲೂ ನೀರು ನುಗ್ಗಿಸುತ್ತದೆ. ಒಂದೊಂದು ಜಾಗಕ್ಕೆ ಐದು ನಿಮಿಷ ಕೊಟ್ಟು, ಎರಡು ನಿಮಿಷ ಕಾಯ್ದು, ಒಳಗೆ ನೋಡಿ, ಆಮೇಲೆ ಮುಂದಿನ ಜಾಗ. ಕ್ರಮ ಹೀಗಿರಲಿ:

1. ಬಂಪರಿನ ಕೆಳಗೆ, ಚಕ್ರದ ಗೂಡಿನೊಳಗೆ
2. ಬಂಪರಿನ ಮೇಲಂಚು ಮತ್ತು ನಂಬರ್ ಪ್ಲೇಟಿನ ದೀಪ
3. ಎಡ ದೀಪ, ಆಮೇಲೆ ಬಲ ದೀಪ
4. ಬೀಡಿಂಗಿನ ಕೆಳಭಾಗ, ಪಕ್ಕಗಳು, ಮೇಲ್ಭಾಗ
5. ಹಿಂದಿನ ಗಾಜಿನ ಕೆಳಗಂಚು, ಪಕ್ಕ, ಮೇಲಂಚು
6. ಹ್ಯಾಚ್‌ಬ್ಯಾಕ್ ಆದರೆ ಮೇಲಿನ ಬ್ರೇಕ್ ದೀಪ, ಸ್ಪಾಯ್ಲರಿನ ಬೋಲ್ಟುಗಳು, ಕೀಲುಗಳು
7. ಚಾವಣಿಯ ಎರಡು ಬದಿಯ ಕಪ್ಪು ಪಟ್ಟಿಗಳು, ಆಂಟೆನಾದ ಬುಡ, ರೂಫ್ ರೇಲಿನ ಕಾಲುಗಳು

ಒಂದು ಜಾಗ ಸಿಕ್ಕಿತೆಂದು ಪೈಪು ಸುತ್ತಿಡಬೇಡಿ. ಹತ್ತು ವರ್ಷ ದಾಟಿದ ಕಾರಿನಲ್ಲಿ ಎರಡು ಕಡೆ ಸೋರುವುದು ಅಪರೂಪವೇನಲ್ಲ. ಸಿಕ್ಕ ಜಾಗಕ್ಕೆ ತಾತ್ಕಾಲಿಕವಾಗಿ ಟೇಪು ಅಂಟಿಸಿ ಪಟ್ಟಿಯ ಕೊನೆಯವರೆಗೂ ಹೋಗಿ.

ಹಂತ 5: ಮುಚ್ಚುವುದು

*ಹಿಂದಿನ ದೀಪ.* ಮಳೆ ನೀರಿನ ಅಚ್ಚುಮೆಚ್ಚಿನ ಬಾಗಿಲು ಇದು. ದೀಪ ಮತ್ತು ತಗಡಿನ ನಡುವೆ ಸ್ಪಂಜಿನಂಥ ಗ್ಯಾಸ್ಕೆಟ್ ಇರುತ್ತದೆ. ಬಿಸಿಲಿಗೆ ಅದು ಚಪಾತಿಯಂತೆ ಒಣಗಿ ಪುಡಿಯಾಗುತ್ತದೆ. ಇಗ್ನಿಷನ್ ಆಫ್ ಮಾಡಿ, ಒಳಗಿನಿಂದ ನಟ್ಟುಗಳನ್ನು ಅಥವಾ ಬಾಗಿಲು ತೆರೆದಾಗ ಕಾಣುವ ಸ್ಕ್ರೂಗಳನ್ನು ಬಿಚ್ಚಿ. ದೀಪವನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ, ಪಕ್ಕಕ್ಕೆ ತಿರುಚಿದರೆ ಹೊರಬದಿಯ ಪ್ಲಾಸ್ಟಿಕ್ ಗೂಟ ಮುರಿಯುತ್ತದೆ. ವೈರಿನ ಕನೆಕ್ಟರನ್ನು ಅದರ ನಾಲಿಗೆ ಒತ್ತಿ ಬಿಡಿಸಿ.

ಈಗ ತಗಡಿನ ಮೇಲೆ ಕೆಸರಿನ ಗೆರೆಗಳನ್ನು ನೋಡಿ. ಗ್ಯಾಸ್ಕೆಟ್ ಕೂತ ಜಾಗದಲ್ಲಿ ಎಲ್ಲಿ ಗೆರೆ ಅಡ್ಡ ದಾಟಿ ಒಳಗೆ ಹೋಗಿದೆಯೋ ಅದೇ ದಾರಿ. ಹಳೆಯ ಗ್ಯಾಸ್ಕೆಟ್ಟನ್ನು ಪೂರ್ತಿ ಕೆರೆದು, ತಗಡು ಒರೆಸಿ ಒಣಗಿಸಿ. ನಿಮ್ಮ ಮಾದರಿಯ ಹೊಸ ಗ್ಯಾಸ್ಕೆಟ್ ಸಿಕ್ಕರೆ ಅದೇ ಉತ್ತಮ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಬೇರೆ ಊರಿನವರು ಬಿಡಿಭಾಗದ ಅಂಗಡಿಯಲ್ಲಿ ತರಿಸಿಕೊಳ್ಳಬಹುದು. ಸಿಗದಿದ್ದರೆ ಅದೇ ಹಾದಿಯಲ್ಲಿ ಬ್ಯೂಟೈಲ್ ಟೇಪನ್ನು ಒಂದೇ ತುಂಡಾಗಿ ಸುತ್ತಿ, ಎರಡು ತುದಿಗಳನ್ನು ಒಂದರ ಮೇಲೊಂದು ಒತ್ತಿ. ಕೂಡಿಕೆ ದೀಪದ ಕೆಳಭಾಗದಲ್ಲಿ ಬರಲಿ, ಮೇಲೆ ಬೇಡ. ಪ್ರತಿ ಬೋಲ್ಟಿನ ಬುಡಕ್ಕೂ ಒಂದು ಸಣ್ಣ ಉಂಗುರ ಹಾಕಿ. ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಒಂದು ಬಿಟ್ಟು ಒಂದರಂತೆ ಬಿಗಿಯಿರಿ. ಶಕ್ತಿಯೆಲ್ಲ ಹಾಕಿದರೆ ದೀಪದ ಬೋಲ್ಟು ಪ್ಲಾಸ್ಟಿಕ್ಕಿನಿಂದಲೇ ಕಿತ್ತು ಬರುತ್ತದೆ.

*ಬೀಡಿಂಗ್.* ಸೀಮೆಸುಣ್ಣದ ಗೆರೆ ಕಡಿದಿದ್ದೂ ರಬ್ಬರ್ ಚೆನ್ನಾಗಿದ್ದರೆ ತಪ್ಪು ಬಾಗಿಲಿನದು. ಬಾಗಿಲಿನ ಎರಡು ಮೂಲೆಗಳಲ್ಲಿ ತಿರುಪಿನಂತೆ ತಿರುಗುವ ರಬ್ಬರ್ ಗುಬ್ಬಿಗಳಿರುತ್ತವೆ. ಅವನ್ನು ಒಳಕ್ಕೆ ತಿರುಗಿಸಿದರೆ ಬಾಗಿಲು ಇನ್ನಷ್ಟು ತಗ್ಗಿ ಕೂರುತ್ತದೆ. ಸಾಲದಿದ್ದರೆ ಲಾಕು ಕಚ್ಚುವ ಕೊಂಡಿಯ ಬೋಲ್ಟು ಸಡಿಲಿಸಿ ಒಂದೆರಡು ಮಿಲಿಮೀಟರ್ ಕೆಳಕ್ಕೆ ಸರಿಸಿ. ಸರಿಸುವ ಮೊದಲು ಅದರ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದಿಟ್ಟುಕೊಳ್ಳಿ, ತಪ್ಪಿದರೆ ಹಿಂದಿನ ಜಾಗಕ್ಕೆ ಮರಳಬಹುದು.

ರಬ್ಬರೇ ಸತ್ತಿದ್ದರೆ ಹೊಸದು ಹಾಕಿ. ಗುಜರಿಯಿಂದ ಹಳೆಯದನ್ನು ತರಬೇಡಿ, ಅದು ಇನ್ನೊಂದು ಕಾರಿನ ಬಾಗಿಲಿಗೆ ಚಪ್ಪಟೆಯಾಗಿ ಒಗ್ಗಿಹೋಗಿರುತ್ತದೆ. ಹೆಚ್ಚಿನ ಬೀಡಿಂಗ್ ತಗಡಿನ ಅಂಚಿಗೆ ಕಚ್ಚಿಕೊಂಡು ಕೂರುತ್ತದೆ, ಅಂಟು ಬೇಕಿಲ್ಲ. ಮೂಲೆಗಳಲ್ಲಿ ಎಳೆದು ಹಿಗ್ಗಿಸದೆ, ತುಸು ಒತ್ತಿ ತುಂಬುತ್ತಾ ಬನ್ನಿ. ಕೂಡಿಕೆ ಹಳೆಯದು ಎಲ್ಲಿತ್ತೋ ಅಲ್ಲೇ ಬರಲಿ. ಮೆತ್ತಗಾಗಲೆಂದು ಕೊಬ್ಬರಿ ಎಣ್ಣೆ, ಗ್ರೀಸು ಸವರುವ ರೂಢಿಯಿದೆ. ಗ್ರೀಸಿಗೆ ಈ ರಬ್ಬರ್ ಉಬ್ಬಿ ಕೆಡುತ್ತದೆ, ಕೊಬ್ಬರಿ ಎಣ್ಣೆಗೆ ಧೂಳು ಮೆತ್ತುತ್ತದೆ. ಹಚ್ಚಲೇಬೇಕಿದ್ದರೆ ಸಿಲಿಕೋನ್ ಗ್ರೀಸ್ ಅಥವಾ ಸಿಲಿಕೋನ್ ಸ್ಪ್ರೇ ಹಚ್ಚಿ. ಸಿಲಿಕೋನ್ ಎಂಬ ಹೆಸರಿಗೆ ಈ ಲೇಖನದಲ್ಲಿ ಸಿಗುವ ಒಳ್ಳೆಯ ಮಾತು ಇಷ್ಟೇ.

*ಚಾವಣಿಯ ಬೆಸುಗೆ.* ಚಾವಣಿಯ ಎರಡು ಬದಿಯಲ್ಲಿ ಮುಂದಿನಿಂದ ಹಿಂದಕ್ಕೆ ಕಪ್ಪು ರಬ್ಬರಿನ ಪಟ್ಟಿ ಇರುವ ಕಾರುಗಳಲ್ಲಿ, ಅದರ ಕೆಳಗೆ ಚಾವಣಿಯ ತಗಡು ಪಕ್ಕದ ತಗಡಿಗೆ ಬೆಸೆದ ಕಾಲುವೆ ಇದೆ. ಕಾರ್ಖಾನೆಯಲ್ಲಿ ಹಾಕಿದ ಸೀಲರ್ ಅಲ್ಲಿ ಬಿಸಿಲಿಗೆ ಒಣಗಿ ಕೂದಲೆಳೆಯಷ್ಟು ಬಿರಿಯುತ್ತದೆ. ನನ್ನ ಹಳೆಯ ಸೆಡಾನ್ ಕಾರಿನಲ್ಲಿ ಎರಡು ಮಳೆಗಾಲ ದೀಪಗಳನ್ನು ಬಿಚ್ಚಿ ಮುಚ್ಚಿ ಮಾಡಿದೆ. ಕೊನೆಗೆ ಸಿಕ್ಕಿದ್ದು ಹಿಂದಿನ ಗಾಜಿನ ಮೇಲ್ಮೂಲೆಯ ಬಳಿ, ಆ ಪಟ್ಟಿಯ ಕೆಳಗೆ, ಉಗುರಿನಷ್ಟು ಉದ್ದದ ಬಿರುಕು.

ಎಟಿಎಂ ಕಾರ್ಡಿನಿಂದ ಪಟ್ಟಿಯ ಹಿಂತುದಿಯನ್ನು ಎಬ್ಬಿಸಿ, ನಿಧಾನವಾಗಿ ಒಂದಡಿ ಬಿಡಿಸಿ. ಕೆಳಗಿನ ಮಣ್ಣನ್ನು ತೊಳೆದು ಒಣಗಿಸಿ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಬಿರುಕು ಕಂಡರೆ ಅದರ ಆಚೀಚೆ ಒಂದಿಂಚು ಸಡಿಲ ಸೀಲರನ್ನು ಕೆರೆಯಿರಿ. ತುಕ್ಕಿದ್ದರೆ ಉಜ್ಜಿ ತೆಗೆದು ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಸೀಮ್ ಸೀಲರ್ ಎಳೆದು ಒದ್ದೆ ಬೆರಳಿನಿಂದ ಸವರಿ. ಮಳೆ ತಾಗದಂತೆ ಒಂದು ದಿನ ಬಿಟ್ಟು ಪಟ್ಟಿ ಕೂರಿಸಿ. ಪಟ್ಟಿಯ ಮೇಲೆಯೇ ಸೀಲರ್ ಹಚ್ಚುವುದು ವ್ಯರ್ಥ, ನೀರು ಅದರ ಕೆಳಗೆ ಹರಿಯುತ್ತದೆ.

*ಗಾಳಿಕಿಂಡಿ.* ಕಾರಿನ ಬಾಗಿಲನ್ನು ಜೋರಾಗಿ ಹಾಕಿದಾಗ ಒಳಗಿನ ಗಾಳಿ ಹೊರಗೆ ಹೋಗಲು ಹಿಂದಿನ ಬಂಪರಿನ ಮರೆಯಲ್ಲಿ ಕಿಂಡಿಗಳಿರುತ್ತವೆ. ಅವುಗಳಿಗೆ ತೆಳು ರಬ್ಬರಿನ ಪರದೆ: ಗಾಳಿ ಹೊರಗೆ ಹೋಗುವಾಗ ತೆರೆಯುತ್ತದೆ, ಆಮೇಲೆ ತಾನಾಗಿ ಮುಚ್ಚುತ್ತದೆ. ಪರದೆ ಧೂಳು ಹಿಡಿದು ತೆರೆದೇ ನಿಂತರೆ, ಅಥವಾ ಬಂಪರಿಗೆ ಪೆಟ್ಟು ಬಿದ್ದು ಚೌಕಟ್ಟು ಸೀಳಿದ್ದರೆ, ಚಕ್ರ ಎರಚಿದ ಕೆಸರು ನೀರು ನೇರ ಒಳಗೆ ಬರುತ್ತದೆ. ಪರದೆ ತೊಳೆಯಿರಿ, ಚೌಕಟ್ಟು ಒಡೆದಿದ್ದರೆ ಹೊಸದು ಹಾಕಿ, ಅದರ ಅಂಚಿಗೆ ಬ್ಯೂಟೈಲ್ ಸುತ್ತಿ. ಕಿಂಡಿಯನ್ನೇ ಮುಚ್ಚಿಬಿಡುವವರಿದ್ದಾರೆ. ಆಮೇಲೆ ಬಾಗಿಲು ಒಂದೇ ಏಟಿಗೆ ಹಾಕಿಕೊಳ್ಳುವುದಿಲ್ಲ, ಮಳೆಯಲ್ಲಿ ಗಾಜುಗಳ ಮೇಲೆ ಮಂಜು ಕೂತು ರಸ್ತೆ ಕಾಣುವುದಿಲ್ಲ.

*ಹ್ಯಾಚ್‌ಬ್ಯಾಕಿನ ಬಾಗಿಲು.* ಚಾವಣಿಯಿಂದ ಬಾಗಿಲಿಗೆ ಹೋಗುವ ಸುಕ್ಕುಸುಕ್ಕಾದ ರಬ್ಬರ್ ತೋಳನ್ನು ನೋಡಿ. ಅದರೊಳಗೆ ವೈರುಗಳೂ ವಾಷರ್ ಪೈಪೂ ಇರುತ್ತವೆ. ತೋಳು ಗೂಡಿನಿಂದ ಕಳಚಿದ್ದರೆ ಒತ್ತಿ ಕೂರಿಸಿ, ಸೀಳಿದ್ದರೆ ಬದಲಿಸಿ. ಮೇಲಿನ ಬ್ರೇಕ್ ದೀಪ ಮತ್ತು ಸ್ಪಾಯ್ಲರ್ ಬೋಲ್ಟುಗಳಿಗೆ ದೀಪಕ್ಕೆ ಮಾಡಿದ ಚಿಕಿತ್ಸೆಯೇ.

*ಆಮೇಲೆ ಹಾಕಿಸಿದ ಕ್ಯಾಮೆರಾ, ಸೆನ್ಸರ್.* ಹಿಂದಕ್ಕೆ ತೆಗೆಯುವಾಗ ಪೀಪಿ ಎನ್ನುವ ಸೆನ್ಸರಿಗಾಗಿ ಅಂಗಡಿಯವರು ತಗಡಿನಲ್ಲಿ ತೂತು ಕೊರೆದು, ರಬ್ಬರ್ ಬಳೆ ಹಾಕದೆ ವೈರು ತೂರಿಸಿರುತ್ತಾರೆ. ತೂತಿನ ಅಂಚಿಗೆ ಪ್ರೈಮರ್ ಹಚ್ಚಿ ಗ್ರೊಮೆಟ್ ಎಂಬ ಆ ಬಳೆಯನ್ನು ಕೂರಿಸಿ. ವೈರು ತೂತಿಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಜೋತು ಮೇಲೇರುವಂತೆ ಬಾಗಿಸಿ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರನ್ನು ಲೈನ್‌ಮನ್ ಹೀಗೆಯೇ ಬಾಗಿಸಿ ಒಳಗೆ ಬಿಡುತ್ತಾನೆ. ವೈರಿನ ಗುಂಟ ಬಂದ ನೀರು ಬಾಗಿನ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

*ಸನ್‌ರೂಫ್.* ಸನ್‌ರೂಫಿನ ಸುತ್ತ ಸೇರುವ ನೀರನ್ನು ಮೂಲೆಗಳ ಸಣ್ಣ ಪೈಪುಗಳು ಕೆಳಗಿಳಿಸುತ್ತವೆ, ಹಿಂದಿನವು ಹಿಂಬದಿಯ ಕಂಬಗಳೊಳಗೆ ಹೋಗುತ್ತವೆ. ಗಾಜು ತೆರೆದು, ಮೂಲೆಯ ತೂತಿಗೆ ಅರ್ಧ ಲೋಟ ನೀರು ನಿಧಾನವಾಗಿ ಬಿಡಿ. ಕಾರಿನ ಕೆಳಗೆ ನೀರು ಕಾಣಬೇಕು. ಕಾಣದಿದ್ದರೆ ಪೈಪು ಕಟ್ಟಿದೆ ಇಲ್ಲವೆ ಕಳಚಿದೆ. ತೋಟದ ಹುಲ್ಲು ಹೊಡೆಯುವ ಯಂತ್ರದ ನೈಲಾನ್ ದಾರವನ್ನು ತೂರಿಸಿ ಮೆಲ್ಲಗೆ ಆಡಿಸಿ. ಕಬ್ಬಿಣದ ತಂತಿ ಪೈಪನ್ನು ಸೀಳುತ್ತದೆ, ಪಂಕ್ಚರ್ ಅಂಗಡಿಯ ಗಾಳಿ ಅದನ್ನು ಜೋಡಣೆಯಿಂದಲೇ ಕಳಚುತ್ತದೆ.

*ಗಾಜು.* ಹಿಂದಿನ ಗಾಜಿನ ಅಂಚಿನಲ್ಲಿ ಸೋರುತ್ತಿದ್ದರೆ ಗಾಜಿನ ಅಂಗಡಿಗೆ ಬಿಡಿ. ಅದನ್ನು ಕತ್ತರಿಸಿ ತೆಗೆದು ಹೊಸ ಅಂಟಿನಲ್ಲಿ ಕೂರಿಸಬೇಕು. ಮೇಲಿನಿಂದ ಬಳಿದದ್ದು ನಿಲ್ಲುವುದಿಲ್ಲ.

*ತಳ.* ಸ್ಟೆಪ್ನಿ ಗುಂಡಿಯ ತಳದಲ್ಲಿ ರಬ್ಬರ್ ಬಿರಡೆ ಇರುತ್ತದೆ. ಕಳೆದುಹೋಗಿದ್ದರೆ ಅಳತೆಗೆ ತಕ್ಕದ್ದನ್ನು ತಂದು ಹಾಕಿ. ನೀರು ಹೋಗಲಿ ಎಂದು ಬಿರಡೆ ಕಿತ್ತು ಹಾಗೆಯೇ ಓಡಿಸುವುದು, ಡ್ರಿಲ್ಲಿನಿಂದ ತೂತು ಹೊಡೆಯುವುದು ಎರಡೂ ತಪ್ಪು. ಆ ತೂತಿನಿಂದ ಕೆಸರು ಮಾತ್ರವಲ್ಲ, ಸೈಲೆನ್ಸರಿನ ಹೊಗೆಯೂ ಒಳಗೆ ಬರುತ್ತದೆ.

ಹಂತ 6: ಒಣಗಿಸುವುದು, ತುಕ್ಕು

ಕಾರ್ಪೆಟ್ಟಿನ ಮೇಲ್ಭಾಗ ಮುಟ್ಟಿದರೆ ಒಣಗಿದಂತಿರುತ್ತದೆ. ಅದರ ಅಡಿಯ ಬತ್ತಿಯಂಥ ಪದರವನ್ನು ಹಿಂಡಿ ನೋಡಿ, ಇನ್ನೂ ಲೋಟ ನೀರು ಬರುತ್ತದೆ. ಬೂಷ್ಟು ಹುಟ್ಟುವುದು ಅಲ್ಲೇ. ಬಿಡಿಸಿ ಹೊರಗೆ ತೂಗುಹಾಕಿ. ಜುಲೈಯಲ್ಲಿ ಬಿಸಿಲು ಎಲ್ಲಿಂದ ತರುವುದು ಎಂದು ಕೇಳುವವರಿಗೆ: ಟೇಬಲ್ ಫ್ಯಾನಿನ ಮುಂದೆ ಎರಡು ದಿನ ಬೇಕು. ಬಚ್ಚಲ ಒಲೆಯ ಮೇಲೆ ಒಣಹಾಕಿದವರಿದ್ದಾರೆ, ಪದರ ಕರಗಿ ಮುದ್ದೆಯಾಯಿತು.

ಡಿಕ್ಕಿಯ ಬಾಗಿಲನ್ನು ತೆರೆದಿಟ್ಟು ಒಣಗಿಸುವಾಗ ಒಳದೀಪ ಉರಿಯುತ್ತಲೇ ಇದ್ದು ಬ್ಯಾಟರಿ ಇಳಿಯುತ್ತದೆ. ಹೆಚ್ಚಿನ ಕಾರುಗಳಲ್ಲಿ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಿರುಗಿಸಿದರೆ ದೀಪ ಆರುತ್ತದೆ. ಬಾಗಿಲು ಹಾಕುವ ಮೊದಲು ಆ ಕೊಕ್ಕೆಯನ್ನು ಮತ್ತೆ ಬಿಡಿಸಲು ಮರೆಯಬೇಡಿ. ಮರೆತು ಜೋರಾಗಿ ಬಾಗಿಲು ಬಡಿದರೆ ಲಾಕು ಹೋಗುತ್ತದೆ.

ಗುಂಡಿಯ ತಳದಲ್ಲಿ ಮೇಲ್ಮೈ ತುಕ್ಕು ಇದ್ದರೆ ತಂತಿ ಬ್ರಶ್ಶಿನಿಂದ ಉಜ್ಜಿ, ತುಕ್ಕು ತಡೆಯುವ ದ್ರಾವಣ, ಪ್ರೈಮರ್, ಬಣ್ಣ ಈ ಕ್ರಮದಲ್ಲಿ ಹಚ್ಚಿ. ಸ್ಕ್ರೂಡ್ರೈವರಿನ ತುದಿಯಿಂದ ಕುಟ್ಟಿದಾಗ ತಗಡು ತೂತಾದರೆ ಅದಕ್ಕೆ ಬೆಸುಗೆಯೇ ಮದ್ದು. ಪುಟ್ಟಿ ಮೆತ್ತಿಕೊಡುತ್ತೇನೆ ಎನ್ನುವ ಅಂಗಡಿಯಿಂದ ಎದ್ದು ಬನ್ನಿ. ವೈರಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಒಣಗಿಸಿ, ಆಮೇಲೆ ಬ್ಯಾಟರಿ ಜೋಡಿಸಿ.

ಹಂತ 7: ಕಾರ್ಪೆಟ್ ಹಾಕುವ ಅವಸರ ಬೇಡ

ಸೀಲರ್ ಪೂರ್ತಿ ಒಣಗಿದ ಮೇಲೆ ಹಂತ 4ನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಮಾಡಿ. ಒಳಗೆ ಒಣಗಿಯೇ ಇದ್ದರೂ ಕಾರ್ಪೆಟ್ಟು, ಪಕ್ಕದ ಹೊದಿಕೆ ಹಾಕಬೇಡಿ. ಸ್ಟೆಪ್ನಿ ಗುಂಡಿಯಲ್ಲಿ, ಎರಡೂ ಮೂಲೆಗಳಲ್ಲಿ, ದೀಪಗಳ ಕೆಳಗೆ ಒಂದೊಂದು ಹಾಳೆ ದಿನಪತ್ರಿಕೆ ಹಾಸಿ ಒಂದು ವಾರ ಹಾಗೆಯೇ ಓಡಾಡಿ. ಪತ್ರಿಕೆ ಒಮ್ಮೆ ಒದ್ದೆಯಾಗಿ ಒಣಗಿದರೂ ಸುಕ್ಕುಗಟ್ಟಿ ಸಿಕ್ಕಿಬೀಳುತ್ತದೆ. ಯಾವ ಹಾಳೆ ಸುಕ್ಕಾಗಿದೆಯೋ ಆ ಮೂಲೆಯಿಂದ ಮತ್ತೆ ಹುಡುಕಿ. ಒಂದು ಜೋರು ಮಳೆಯಲ್ಲಿ ನಿಲ್ಲಿಸಿದ್ದೂ ಆಗಿ, ಒಂದು ಜೋರು ಮಳೆಯಲ್ಲಿ ಓಡಿಸಿದ್ದೂ ಆಗಿ, ಹಾಳೆಗಳು ಹಾಸಿದ ದಿನದಂತೆಯೇ ಇದ್ದರೆ ಕಾರ್ಪೆಟ್ ಹಾಕಬಹುದು.